ಲಾರಿಗೆ ಹತ್ತೋದು, ಹತ್ತದೇ ಉಳಿಯೋದು

ಮನೆ ಫೋಟೋ ತೆಗೆಯೋದೇ ನನ್ನ ಕೆಲಸ ಅಂದರೆ ಜನ ಈಗಲೂ ಒಂದು ಸಲ ಮುಖ ನೋಡುತ್ತಾರೆ. ಮದುವೆ ಫೋಟೋ ಗೊತ್ತು, ನಾಮಕರಣದ ಫೋಟೋ ಗೊತ್ತು. ಖಾಲಿ ಮನೆಯ ಫೋಟೋಗೆ ದುಡ್ಡು ಕೊಡೋರು ಯಾರಪ್ಪಾ? ಕೊಡುತ್ತಾರೆ. ಬಿಲ್ಡರ್‌ಗಳು, ಆರ್ಕಿಟೆಕ್ಟ್‌ಗಳು, ಇಂಟೀರಿಯರ್ ಮಾಡುವವರು, ಸಕಲೇಶಪುರ ಕೊಡಗಿನ ಕಡೆ ಹೋಂಸ್ಟೇ ಇಟ್ಟವರು, ದೊಡ್ಡ ಮನೆಗಳನ್ನು ಮಾರಿಸುವ ಬ್ರೋಕರ್‌ಗಳು. ಬೆಂಗಳೂರಿನಲ್ಲಿ ಇದನ್ನೇ ನಂಬಿಕೊಂಡು ಸಂಸಾರ ನಡೆಸುವವರು ಇದ್ದಾರೆ. ನಾನೂ ಅವರಲ್ಲೊಬ್ಬ. ಈಚೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಐ ಬಂತಲ್ಲ ಸಾರ್, ಇನ್ನು ನಿಮ್ಮ ಕಥೆ?"

ಕೆಲಸದಲ್ಲಿ ಒಂದು ಪಾಲು ಹೋಗಿದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಹೋದದ್ದು ಯಾವ ಪಾಲು, ಅದು ಹೋದ ಜಾಗಕ್ಕೆ ಬಂದು ಕೂತಿರೋದು ಏನು ಅನ್ನೋದು ಹೊರಗಿನವರು ಅಂದುಕೊಂಡ ಹಾಗಿಲ್ಲ.

ಒಂದು ಅಡುಗೆಮನೆಯನ್ನೇ ತಗೊಳ್ಳಿ. ಸಾಮಾನ್ಯ ಟೂ ಬಿಎಚ್‌ಕೆ ಫ್ಲಾಟಿನದು. ಕಪ್ಪು ಗ್ರಾನೈಟ್ ಕಟ್ಟೆ, ಕೊನೆಯಲ್ಲಿ ಸಿಂಕು, ಸಿಂಕಿನ ಮೇಲೆ ಗ್ರಿಲ್ ಹಾಕಿದ ಕಿಟಕಿ, ಆಚೆ ಪಾತ್ರೆ ಬಟ್ಟೆ ತೊಳೆಯುವ ಯುಟಿಲಿಟಿ. ನಿಂತು ನೋಡಿದರೆ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಕ್ಯಾಮೆರಾಗೆ ಕಾಣುವುದಿಲ್ಲ. ಹೊರಗೆ ಬಿಸಿಲು, ಒಳಗೆ ಅರೆಗತ್ತಲು. ಹೊರಗಿನ ಬೆಳಕಿಗೆ ಸರಿಮಾಡಿದರೆ ಅಡುಗೆಮನೆ ಕಪ್ಪಾಗುತ್ತದೆ. ಒಳಗಿನದಕ್ಕೆ ಸರಿಮಾಡಿದರೆ ಕಿಟಕಿ ಬರೀ ಬಿಳಿ. ಅದಕ್ಕೇ ಟ್ರೈಪಾಡ್ ಅಲುಗಿಸದೆ ಅದೇ ಫ್ರೇಮನ್ನು ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಒಳಗೆ ಬಿಡುವ ಬೆಳಕನ್ನು ಹೆಚ್ಚು ಕಡಿಮೆ ಮಾಡಿ, ಮೂರೋ ಐದೋ ಸಲ ತೆಗೆಯುತ್ತೇವೆ. ಬ್ರ್ಯಾಕೆಟಿಂಗ್ ಅನ್ನುತ್ತಾರೆ. ಬೇಕಾದರೆ ಫ್ಲ್ಯಾಶ್ ಹೊಡೆದ ಫ್ರೇಮು ಒಂದು ಜಾಸ್ತಿ.

ಬಣ್ಣದ ತಲೆನೋವು ಬೇರೆ. ಟ್ಯೂಬ್‌ಲೈಟ್ ಸ್ವಲ್ಪ ಹಸಿರು, ಚಿಮಣಿಯ ಬಲ್ಬು ಹಳದಿ, ಕಿಟಕಿಯ ಬೆಳಕು ನೀಲಿ. ಮೂರೂ ಒಂದೇ ಬಿಳಿ ಕ್ಯಾಬಿನೆಟ್ ಮೇಲೆ ಬೀಳುತ್ತವೆ. ಕ್ಯಾಮೆರಾ ಕಟ್ಟೆಗಿಂತ ಸ್ವಲ್ಪವೇ ಮೇಲಿರಬೇಕು. ತುಂಬಾ ಮೇಲೆ ಹೋದರೆ ಬರೀ ಗ್ರಾನೈಟ್ ಕಾಣುತ್ತದೆ, ಕೆಳಗೆ ಹೋದರೆ ಕಟ್ಟೆಯೇ ಮಾಯ. ಗೋಡೆಯ ಗೆರೆಗಳು ನೆಟ್ಟಗಿರಬೇಕು. ಗ್ಯಾಸ್ ಸ್ಟವ್ ಮೇಲಿನ ಎಣ್ಣೆ ಜಿಡ್ಡನ್ನು ನಾನೇ ಒರೆಸುತ್ತೇನೆ, ಅದಕ್ಕೆ ಅಂತಲೇ ಬ್ಯಾಗಿನಲ್ಲಿ ಬಟ್ಟೆ ಇರುತ್ತದೆ.

ಆಮೇಲೆ ಮನೆಗೆ ಬಂದು ಇಷ್ಟೂ ಫ್ರೇಮುಗಳನ್ನು ಒಂದು ಮಾಡಬೇಕು. ಅಸಲಿ ಕೂಲಿ ಕೆಲಸ ಇರೋದು ಇಲ್ಲಿ. ಒಂದು ಫ್ರೇಮಿನಿಂದ ಕಿಟಕಿಯ ಹೊರಗಿನದನ್ನು ಕತ್ತರಿಸಿ ಇನ್ನೊಂದರಲ್ಲಿ ಕೂರಿಸಬೇಕು. ಗ್ರಿಲ್ ಇದ್ದರೆ ಒಂದೊಂದು ಸರಳಿನ ಅಂಚನ್ನೂ ಬಿಡಿಸಬೇಕು. ಬೆಂಗಳೂರಿನಲ್ಲಿ ಗ್ರಿಲ್ ಇಲ್ಲದ ಕಿಟಕಿ ಎಲ್ಲಿದೆ ಹೇಳಿ.

ಎಐ ಮೊದಲು ಕೈ ಹಾಕಿದ್ದು ಈ ಕೂಲಿ ಕೆಲಸಕ್ಕೆ. ಈಗ ಫ್ರೇಮುಗಳನ್ನು ಅಪ್‌ಲೋಡ್ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಕಿಟಕಿ, ಬಣ್ಣ, ಗೆರೆ ಎಲ್ಲ ಸರಿಯಾಗಿ ವಾಪಸ್ ಬಂದಿರುತ್ತದೆ. ಬಚ್ಚಲುಮನೆ ಕನ್ನಡಿಯಲ್ಲಿ ಕಾಣುವ ನನ್ನ ಟ್ರೈಪಾಡನ್ನೂ ಅದೇ ಅಳಿಸುತ್ತದೆ. ಇದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ರಾತ್ರಿ ಎರಡು ಗಂಟೆವರೆಗೆ ಗ್ರಿಲ್ ಬಿಡಿಸುತ್ತಾ ಕೂತು ಸೊಂಟ ಹಾಳುಮಾಡಿಕೊಂಡವನಿಗೆ ಆ ಕಾಲ ಚೆನ್ನಾಗಿತ್ತು ಅಂತ ಹೇಳುವ ಮನಸ್ಸು ಬರುವುದಿಲ್ಲ.

ದೂರು ಇದ್ದರೆ ಹಾಸನದ ಆ ಹುಡುಗನಿಗೆ ಇರಬೇಕು. ನನ್ನ ಫೈಲುಗಳನ್ನು ವರ್ಷಗಟ್ಟಲೆ ಎಡಿಟ್ ಮಾಡಿಕೊಡುತ್ತಿದ್ದವನು. ಈ ವ್ಯವಹಾರ ದೊಡ್ಡದು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಫೋಟೋಗ್ರಾಫರ್ ಸಂಜೆ ಮನೆಗೆ ಹೋಗಿ ಫೈಲು ಕಳಿಸುತ್ತಾನೆ. ಅವನು ಮಲಗಿ ಏಳುವಷ್ಟರಲ್ಲಿ ವಿಯೆಟ್ನಾಂ, ಬಾಂಗ್ಲಾದೇಶ, ಫಿಲಿಪ್ಪೀನ್ಸ್, ನಮ್ಮ ದೇಶದ ಹುಡುಗ ಹುಡುಗಿಯರು ಅದನ್ನು ತಿದ್ದಿ ಕಳಿಸಿರುತ್ತಾರೆ. ಒಂದು ಫೋಟೋಗೆ ಇಷ್ಟು ಅಂತ ಲೆಕ್ಕ. ಎಐ ಫೋಟೋಗ್ರಾಫರ್‌ಗಳ ಹೊಟ್ಟೆ ಮೇಲೆ ಹೊಡೆಯಿತು ಅಂತ ನಾವು ಗೋಳಾಡುತ್ತೇವಲ್ಲ, ಮೊದಲ ಏಟು ಬಿದ್ದದ್ದು ಇವರಿಗೆ. ಇವರ ಬಗ್ಗೆ ಯಾರೂ ಬರೆಯುವುದಿಲ್ಲ, ಯಾಕೆಂದರೆ ಇವರು ಇದ್ದರು ಅಂತಲೇ ಮನೆ ಕೊಂಡವರಿಗೆ ಗೊತ್ತಿರಲಿಲ್ಲ.

ಹಾಸನದ ಹುಡುಗ ಈಗ ಎಐ ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತಾನೆ. ಫ್ಯಾನಿಗೆ ರೆಕ್ಕೆ ಒಂದು ಜಾಸ್ತಿ ಬಂದಿದೆಯಾ, ಸ್ವಿಚ್‌ಬೋರ್ಡ್ ಕರಗಿ ಗೋಡೆಯಾಗಿದೆಯಾ, ನೆಲದ ಟೈಲ್ಸ್ ಗೆರೆ ಮಧ್ಯದಲ್ಲಿ ಎಲ್ಲೋ ತಿರುಗಿದೆಯಾ. ಮೊದಲಿಗಿಂತ ಕಣ್ಣಿಗೆ ಜಾಸ್ತಿ ಶ್ರಮ, ಕೈಗೆ ಕಡಿಮೆ ದುಡ್ಡು. "ಅಣ್ಣಾ, ಮೊದಲು ನಾನು ಮಾಡ್ತಿದ್ದೆ, ಈಗ ಅದು ಮಾಡಿದ್ದಕ್ಕೆ ಕಾವಲು ಕಾಯ್ತೀನಿ" ಅಂದ. ಅವನು ಹಾಗೆ ತಪ್ಪು ಹಿಡಿಯಬಲ್ಲ, ಯಾಕೆಂದರೆ ಸಾವಿರಾರು ಕೋಣೆಗಳನ್ನು ಕೈಯಿಂದ ಬಿಡಿಸಿದ್ದಾನೆ. ಗೋಡೆ ಎಲ್ಲಿ ತಿರುಗುತ್ತದೆ, ನೆರಳು ಯಾವ ಕಡೆ ಬೀಳಬೇಕು ಅನ್ನೋದು ಅವನ ಬೆರಳಿಗೆ ಗೊತ್ತು. ಇನ್ನು ಮೇಲೆ ಬರುವ ಹುಡುಗರಿಗೆ ಆ ಸಾವಿರಾರು ಕೋಣೆ ಸಿಗುವುದಿಲ್ಲ. ಅವರು ಕಾವಲಿಗೆ ಹೇಗೆ ತಯಾರಾಗುತ್ತಾರೋ, ನನಗೆ ತೋಚುತ್ತಿಲ್ಲ.

ಇದು ಎಲ್ಲಿಂದ ಶುರುವಾಯಿತು ಅಂತ ನೋಡಿದರೆ, ಆಕಾಶದಿಂದ. 2019ರ ಕೊನೆಯಲ್ಲಿ ಲುಮಿನಾರ್ 4 ಅನ್ನೋ ಸಾಫ್ಟ್‌ವೇರ್ ಬಂತು. ಒಂದು ಕ್ಲಿಕ್ಕಿಗೆ ಮೋಡದ ಆಕಾಶ ಹೋಗಿ ನೀಲಿ ಆಕಾಶ. ಮರುವರ್ಷ ಅಕ್ಟೋಬರ್‌ನಲ್ಲಿ ಫೋಟೋಶಾಪ್‌ನಲ್ಲೇ ಅದು ಸಿಕ್ಕಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಆಕಾಶ ನೋಡಿದವರಿಗೆ ಇದು ಎಂಥಾ ವರ ಅಂತ ಗೊತ್ತು. 2023ರ ಮೇ ತಿಂಗಳಲ್ಲಿ ಫೋಟೋಶಾಪ್‌ನ ಬೀಟಾದಲ್ಲಿ, ಅಂದರೆ ಪರೀಕ್ಷೆಗೆ ಬಿಟ್ಟ ಆವೃತ್ತಿಯಲ್ಲಿ, ಜನರೇಟಿವ್ ಫಿಲ್ ಬಂತು. ಒಂದು ಜಾಗಕ್ಕೆ ಗೆರೆ ಎಳೆದು "ಸೋಫಾ" ಅಂತ ಟೈಪ್ ಮಾಡಿದರೆ ಸೋಫಾ. ಅಲ್ಲಿಯವರೆಗೂ ನಾವು ಆರಾಮಾಗೇ ಇದ್ದೆವು. ಹತಾರ ನಮ್ಮ ಕೈಯಲ್ಲೇ ಇತ್ತಲ್ಲ. 2025ರ ಆಗಸ್ಟ್‌ನಲ್ಲಿ ಗೂಗಲ್‌ನವರು ನ್ಯಾನೋ ಬನಾನಾ ಅನ್ನೋ ತಮಾಷೆ ಹೆಸರಿನ ಎಐ ಮಾಡೆಲ್ ಬಿಟ್ಟರು. ಮೊಬೈಲ್‌ನಲ್ಲೇ ಫೋಟೋ ಹಾಕಿ, ಏನು ಬದಲಾಗಬೇಕು ಅಂತ ಒಂದು ಸಾಲು ಬರೆದರೆ ಸಾಕು. ಜನ ಸೀರೆ ಉಟ್ಟ ಫೋಟೋ ಮಾಡಿಕೊಂಡು ಖುಷಿಪಟ್ಟರು. ಬ್ರೋಕರ್‌ಗಳು ಮನೆ ಫೋಟೋ ಹಾಕಿ ನೋಡಿದರು.

ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಆದದ್ದು ಅಲ್ಲಿ. ಚಿತ್ರ ತಿದ್ದುವ ಹತಾರ ಮನೆಯೊಳಗೆ ಹೋಗಿ ಬಂದವನ ಕೈಯಿಂದ, ಹೋಗದೇ ಇರುವವನ ಕೈಗೆ ದಾಟಿತು.

ಆ ಅಡುಗೆಮನೆಯ ವಿಷಯಕ್ಕೇ ಬರುತ್ತೇನೆ. ಅದರ ಕಿಟಕಿಯಾಚೆ ಯುಟಿಲಿಟಿ, ಅದರಾಚೆ ಮೂರಡಿ ಬಿಟ್ಟು ಪಕ್ಕದ ಕಟ್ಟಡದ ಗೋಡೆ. ನಾನು ತೆಗೆದ ಫೋಟೋದಲ್ಲಿ ಗೋಡೆ ಇತ್ತು, ಸಿಮೆಂಟ್ ಬಣ್ಣದ್ದು. ಕೆಲವು ದಿನ ಬಿಟ್ಟು ಆನ್‌ಲೈನ್‌ನಲ್ಲಿ ಆ ಮನೆಯ ಜಾಹೀರಾತು ನೋಡಿದರೆ ಗೋಡೆ ಇದ್ದ ಕಡೆ ಮರಗಳು. ಕೆಂಪು ಹೂ ಬಿಟ್ಟ ಗುಲ್‌ಮೊಹರ್ ತರದ್ದು. ಆ ಮರಗಳ ಸಂದಿಯಿಂದ ಬೆಳಗಿನ ಬಿಸಿಲು ಕಟ್ಟೆ ಮೇಲೆ ಬಿದ್ದಿದೆ. ಆ ಕಿಟಕಿ ಪಶ್ಚಿಮಕ್ಕಿದೆ. ಅಲ್ಲಿಂದ ಅಂಥ ಬಿಸಿಲು ಬರಬೇಕಾದರೆ ಮೊದಲು ಪಕ್ಕದ ಕಟ್ಟಡ ಬೀಳಬೇಕು, ಆಮೇಲೆ ಸೂರ್ಯ ದಾರಿ ತಪ್ಪಬೇಕು.

ಬ್ರೋಕರ್‌ಗೆ ಫೋನ್ ಮಾಡಿದೆ. "ಅಯ್ಯೋ ಸಾರ್, ಸುಮ್ನೆ ಬ್ರೈಟ್ ಮಾಡು ಅಂದೆ, ಅದೇ ಹಾಕ್ಕೊಂಡಿದೆ" ಅಂದರು. ಅವರ ಮಾತು ನಿಜವೇ ಇರಬೇಕು. ಬೇಕಂತ ಮೋಸ ಮಾಡುವ ಮನುಷ್ಯ ಅವರಲ್ಲ. ಅವರು ಬೆಳಕು ಕೇಳಿದರು. ಬೆಳಕಿಗೆ ಕಾರಣ ಬೇಕಲ್ಲ, ಯಂತ್ರ ಮರ ನೆಟ್ಟಿತು. ಫೋಟೋ ಪೋಸ್ಟ್ ಮಾಡುವ ಮುಂಚೆ ಅವರು ದೊಡ್ಡದು ಮಾಡಿ ನೋಡಲೂ ಇಲ್ಲ.

ಇಲ್ಲಿ ನಾನು ಸಾಚಾ ಅಂತ ತೋರಿಸಿಕೊಳ್ಳೋಕೆ ಹೋದರೆ ನನ್ನ ಕಸುಬಿನವರೇ ನಗುತ್ತಾರೆ. ಈ ಕೆಲಸ ಯಾವತ್ತೂ ಮನೆಯನ್ನು ಇದ್ದದ್ದಕ್ಕಿಂತ ಚಂದ ತೋರಿಸುವ ಕೆಲಸವೇ. ಅಗಲ ನೋಟದ 16 ಎಂಎಂ ಲೆನ್ಸ್ ಹಾಕಿ ಮೂಲೆಗೆ ಬೆನ್ನು ಕೊಟ್ಟು ನಿಂತರೆ ಹತ್ತಕ್ಕೆ ಹನ್ನೊಂದರ ಕೋಣೆ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಬಾಲ್ಕನಿಯಿಂದ ತೆಗೆಯುವಾಗ ಕೆರೆ ಬರುವ ಹಾಗೆ, ಟ್ರಾನ್ಸ್‌ಫಾರ್ಮರ್ ಬರದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇವೆ. ಬಿಲ್ಡರ್‌ಗಳ ಸ್ಯಾಂಪಲ್ ಫ್ಲಾಟ್‌ಗಳಲ್ಲಿ ಮಂಚ ಅಳತೆಗಿಂತ ಚಿಕ್ಕದಿರುವುದನ್ನು, ಕೋಣೆಗಳಿಗೆ ಬಾಗಿಲೇ ಇಡದಿರುವುದನ್ನು ನೋಡಿದ್ದೇನೆ, ಅದನ್ನೇ ಚಂದ ಮಾಡಿ ತೆಗೆದೂ ಕೊಟ್ಟಿದ್ದೇನೆ. ಫೋಟೋ ಚೆನ್ನಾಗಿದ್ದರೆ ದುಡ್ಡು ಹುಟ್ಟುತ್ತದೆ ಅನ್ನೋದು ಇವತ್ತಿನ ಮಾತಲ್ಲ. ಮನೆ, ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಶುರುಮಾಡಿದವರು 2009ರಲ್ಲಿ ಬುಕಿಂಗ್ ಇಲ್ಲದೆ ಒದ್ದಾಡುತ್ತಿದ್ದಾಗ ನ್ಯೂಯಾರ್ಕ್‌ಗೆ ಹೋಗಿ, ತಾವೇ ಮನೆಮನೆಗೆ ಕ್ಯಾಮೆರಾ ಹೊತ್ತು ಫೋಟೋ ತೆಗೆದರು. ಬುಕಿಂಗ್ ಏರಿತು. ನಮ್ಮ ಕಸುಬಿನ ದೊಡ್ಡ ಜಾಹೀರಾತು ಅದೇ.

ಹಾಗಾದರೆ ವ್ಯತ್ಯಾಸ ಏನು? ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕಾದರೆ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಅಂತ ನನಗೆ ಗೊತ್ತಿರಬೇಕು. ಕೊಳ್ಳುವವನು ಕೇಳಿದರೆ "ಇದೆ ಸಾರ್, ಎಡಗಡೆ" ಅಂತ ಹೇಳಬಲ್ಲೆ. ಮುಚ್ಚಿಟ್ಟವನಿಗೆ ಮುಚ್ಚಿಟ್ಟದ್ದು ಗೊತ್ತಿತ್ತು, ಆ ಸಂಕೋಚವೇ ಒಂದು ಮಿತಿ ಹಾಕುತ್ತಿತ್ತು. ಈಗಿನ ಫೋಟೋದಲ್ಲಿ ಏನು ಅಳಿದಿದೆ ಅಂತ ಬ್ರೋಕರ್‌ಗೂ ಗೊತ್ತಿಲ್ಲ, ಓನರ್‌ಗೂ ಗೊತ್ತಿಲ್ಲ. ಯಂತ್ರವನ್ನಂತೂ ಕೇಳುವ ಹಾಗೇ ಇಲ್ಲ.

ನಾನು ನನ್ನ ಮಟ್ಟಿಗೆ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮನೆ ಖಾಲಿ ಮಾಡುವ ದಿನ ಲಾರಿಗೆ ಹತ್ತುವ ಸಾಮಾನನ್ನು ಅಳಿಸಬಹುದು, ಸೇರಿಸಬಹುದು. ಲಾರಿಗೆ ಹತ್ತದೇ ಉಳಿಯುವುದನ್ನು ಮುಟ್ಟಬಾರದು. ಕಸದ ಬುಟ್ಟಿ, ಫ್ರಿಜ್ ಮೇಲಿನ ಮಾತ್ರೆ ಡಬ್ಬಿ, ಒಣಗಲು ಹಾಕಿದ ಟವೆಲ್, ಇವೆಲ್ಲ ಲಾರಿಗೆ ಹತ್ತುತ್ತವೆ. ಅಳಿಸಿದರೆ ಯಾರಿಗೂ ನಷ್ಟವಿಲ್ಲ. ಖಾಲಿ ಹಾಲ್‌ನಲ್ಲಿ ಎಐ ಸೋಫಾ ಇಟ್ಟು, "ಇದು ಕಂಪ್ಯೂಟರ್‌ನಲ್ಲಿ ಇಟ್ಟ ಸಾಮಾನು" ಅಂತ ಕೆಳಗೆ ಬರೆದರೂ ನನಗೆ ಅಡ್ಡಿಯಿಲ್ಲ. ಬೀಮು, ಪೈಪು, ಡಕ್ಟು, ಕಂಬ, ಪಕ್ಕದ ಮನೆ ಗೋಡೆ, ಮೇಲೆ ಹಾದುಹೋಗುವ ಹೈಟೆನ್ಶನ್ ಲೈನು ಇವು ಹತ್ತುವುದಿಲ್ಲ. ಬೀಮು ಅಂದಾಗ ನೆನಪಾಯಿತು. ಎಐಗೆ ಬೀಮು ಕಂಡರೆ ಆಗುವುದೇ ಇಲ್ಲ. ಸೀಲಿಂಗ್ ನುಣ್ಣಗಿರಬೇಕು ಅಂತ ಅದರ ಆಸೆ. ನಮ್ಮಲ್ಲಿ ಮಲಗುವ ಮಂಚದ ಮೇಲೆ ಬೀಮು ಬರಬಾರದು ಅನ್ನುವ ವಾಸ್ತು ಲೆಕ್ಕದ ಮೇಲೇ ಎಷ್ಟೋ ವ್ಯಾಪಾರ ಮುರಿದುಬೀಳುತ್ತದೆ. ವಾಸ್ತು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಂಬುವವರಿಗೆ ಬೀಮು ತೋರಿಸಬೇಕು ತಾನೇ?

ನಿಯಮ ಹೇಳೋದು ಸುಲಭ. ತೇವದ ಕಲೆ ಬಂದಾಗ ತಲೆ ಕೆಡುತ್ತದೆ. ಬೆಡ್‌ರೂಮಿನ ಮೂಲೆಯಲ್ಲಿ, ಸೀಲಿಂಗ್ ಹತ್ತಿರ, ಚಾ ಚೆಲ್ಲಿದ ಬಣ್ಣದ ಒಂದು ಕಲೆ. ಅಲ್ಲಲ್ಲಿ ಪೇಂಟು ಗುಳ್ಳೆ ಎದ್ದಿದೆ. ಓನರಮ್ಮ ಹೇಳುತ್ತಾರೆ, "ಅದನ್ನ ತೆಗೆದುಬಿಡಿ, ಹೇಗೂ ಕೊಡೋ ಮುಂಚೆ ಪೇಂಟ್ ಮಾಡಿಸ್ತೀವಿ." ನ್ಯಾಯವಾದ ಮಾತೇ. ಪೇಂಟು ಬದಲಾಗುವಂಥದ್ದು. ಆದರೆ ನೀರು ಬರುತ್ತಿರೋದು ಮೇಲಿನ ಮನೆಯ ಬಚ್ಚಲಿನಿಂದ. ಪೇಂಟು ಬಳಿದರೆ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಕಲೆ ವಾಪಸ್ ಬರುತ್ತದೆ. ಕಲೆ ಲಾರಿಗೆ ಹತ್ತುತ್ತದಾ? ಪೇಂಟ್ ಮಾಡಿಸಿದ ಮೇಲೆ ಕರೆಯಿರಿ, ಬಂದು ತೆಗೆಯುತ್ತೇನೆ ಅಂತ ಹೇಳುವುದು ನನ್ನ ರೂಢಿ. ಅದಕ್ಕೆ ಇನ್ನೊಂದು ದಿನದ ಖರ್ಚು. ಹತ್ತು ಸೆಕೆಂಡಿನಲ್ಲಿ ಅಳಿಸುವ ಆಪ್ ಅವರ ಮಗನ ಮೊಬೈಲ್‌ನಲ್ಲಿದೆ. ನನ್ನ ರೂಢಿ ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಕಾನೂನು ಇಲ್ಲವಾ ಅಂತ ಕೇಳಬಹುದು. ಹೊಸ ಪ್ರಾಜೆಕ್ಟ್‌ಗಳಿಗೆ ಇದೆ. ಬಿಲ್ಡರ್‌ಗಳಿಗೆ ಲಗಾಮು ಹಾಕುವ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಈ ವಿಷಯದ ಮೇಲೇ ಇದೆ. ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಮನೆ ನೋಡಿ ಮುಂಗಡ ಕೊಟ್ಟವರಿಗೆ ಅದರಲ್ಲಿದ್ದ ತಪ್ಪು, ಸುಳ್ಳು ಮಾಹಿತಿಯಿಂದ ನಷ್ಟವಾದರೆ ಪ್ರಮೋಟರ್, ಅಂದರೆ ಪ್ರಾಜೆಕ್ಟ್ ಕಟ್ಟಿ ಮಾರುವವರು, ಪರಿಹಾರ ಕೊಡಬೇಕು. ಈ ವ್ಯವಹಾರವೇ ಬೇಡ ಅಂತ ಹಿಂದೆ ಸರಿದರೆ ಹಾಕಿದ ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು. ಸ್ಯಾಂಪಲ್ ಫ್ಲಾಟಿನ ಆಟ ಗೊತ್ತಿದ್ದವರೇ ಬರೆದ ಸೆಕ್ಷನ್ ಅನ್ನಿಸುತ್ತದೆ. ದೊಡ್ಡ ಬಿಲ್ಡರ್‌ಗಳ ಲೀಗಲ್ ಟೀಮಿನವರು ಈಗ ಎಐ ಚಿತ್ರ ನೋಡಿ ಹೌಹಾರುವುದು ಇದಕ್ಕೇ. ಆದರೆ ಈ ಸೆಕ್ಷನ್ ಇರೋದು ಪ್ರಮೋಟರ್‌ಗೆ. ಹಳೇ ಮನೆ ಮಾರುವ ಓನರ್, ಬಾಡಿಗೆಗೆ ಫೋಟೋ ಹಾಕುವವರು ಅದರ ಕೈಗೆ ಸಿಗುವುದಿಲ್ಲ. ಎಐ ಕೈಚಳಕ ಜಾಸ್ತಿ ನಡೆಯೋದೂ ಅಲ್ಲೇ.

ಕ್ಯಾಲಿಫೋರ್ನಿಯಾದವರು ಇನ್ನೂ ಸ್ವಲ್ಪ ನೇರವಾಗಿ ಹೋಗಿದ್ದಾರೆ. ಅಲ್ಲಿ 2026ರ ಜನವರಿ 1ರಿಂದ ಎಬಿ 723 ಅನ್ನೋ ಕಾನೂನು ಜಾರಿಗೆ ಬಂದಿದೆ. ಮನೆ ಮಾರುವ ಜಾಹೀರಾತಿನ ಚಿತ್ರವನ್ನು ತಿದ್ದಿದ್ದರೆ ತಿದ್ದಿದೆ ಅಂತ ಹೇಳಬೇಕು. ಜೊತೆಗೆ ತಿದ್ದದ ಮೂಲ ಚಿತ್ರ ಎಲ್ಲಿದೆ ಅಂತ ಲಿಂಕ್ ಅಥವಾ ಕ್ಯೂಆರ್ ಕೋಡ್ ಕೊಡಬೇಕು. ಯಾವುದನ್ನು ಬದಲಿಸಿದರೆ ತಿದ್ದಿದ ಹಾಗೆ ಅಂತ ಪಟ್ಟಿ ಇದೆ. ಪೀಠೋಪಕರಣ, ನೆಲ, ಗೋಡೆ, ಪೇಂಟಿನ ಬಣ್ಣ, ಗಿಡಮರ, ಕರೆಂಟ್ ಕಂಬ, ಕಿಟಕಿಯಿಂದ ಕಾಣುವ ನೋಟ, ಪಕ್ಕದ ಮನೆ. ನನ್ನ ಅಡುಗೆಮನೆ ಫೋಟೋ ನೋಡಿಯೇ ಬರೆದ ಹಾಗಿದೆ. ಬೆಳಕು, ಬಣ್ಣದ ಹೊಂದಾಣಿಕೆ, ಗೆರೆ ನೇರ ಮಾಡುವುದು, ಕ್ರಾಪ್ ಮಾಡುವುದು ಇಂಥ ಮಾಮೂಲಿ ಕೆಲಸಕ್ಕೆ ಅಡ್ಡಿಯಿಲ್ಲ. ಲಾರಿಯ ನಿಯಮಕ್ಕಿಂತ ಇದು ಬಿಗಿ, ಸೋಫಾ ಅಳಿಸಿದರೂ ಹೇಳಬೇಕು. ಕಸುಬು ಗೊತ್ತಿದ್ದವರು ಕೂತು ಬರೆದಿದ್ದಾರೆ ಅಂತ ಓದಿದಾಗ ಖುಷಿಯಾಯಿತು. ಅಲ್ಲಿನ ಬೇ ಏರಿಯಾದಲ್ಲಿ ಮನೆ ಮಾರಲು ಹೊರಟಿರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಏಜೆಂಟನ್ನು ಮೂಲ ಫೋಟೋ ಎಲ್ಲಿಟ್ಟಿದ್ದೀರಿ ಅಂತ ಒಮ್ಮೆ ಕೇಳಿ.

ಇಂಥ ಕಾನೂನು ಬಂದರೆ ಫೋಟೋಗ್ರಾಫರ್ ಉಳಿದುಕೊಂಡ ಅಂತ ನನ್ನ ಕೆಲವು ಗೆಳೆಯರು ವಾದ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೂಲ ಚಿತ್ರ ಇರಬೇಕು ಅಂತ ಕಾನೂನು ಹೇಳುತ್ತದೆ, ಅದನ್ನು ನಾನೇ ತೆಗೆಯಬೇಕು ಅಂತ ಹೇಳುವುದಿಲ್ಲ. ಓನರ್ ಮೊಬೈಲ್‌ನಲ್ಲಿ ಟಪಟಪ ಅಂತ ತೆಗೆದದ್ದೂ ಮೂಲವೇ. ಕ್ಯಾಮೆರಾ ಕಂಪನಿಗಳು ಇನ್ನೊಂದು ದಾರಿ ಹಿಡಿದಿವೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾ, ಫೋಟೋ ಎಲ್ಲಿಂದ ಬಂತು ಅನ್ನೋ ದಾಖಲೆಯನ್ನು ಫೈಲಿನೊಳಗೇ ಮುದ್ರೆ ಒತ್ತಿ ಇಡುತ್ತದೆ. ಒಳ್ಳೆಯದೇ. ಆದರೆ ಆ ಕ್ಯಾಮೆರಾದ ದುಡ್ಡಿಗೆ ನನ್ನ ಇಡೀ ಕಿಟ್ ಬಂದು ಇನ್ನೂ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಮನೆ ಫೋಟೋ ಓಡಾಡೋದು ವಾಟ್ಸಾಪ್‌ನಲ್ಲಿ. ಫೋಟೋವಾಗಿ ಕಳಿಸಿದರೆ ಫೈಲಿನೊಳಗಿನ ಇಂಥ ಮಾಹಿತಿಯನ್ನೆಲ್ಲ ಅದು ಕಿತ್ತುಹಾಕುತ್ತದೆ. ಬ್ರೋಕರ್‌ಗಳ ಗ್ರೂಪಿನಲ್ಲಿ ಹತ್ತು ಕೈ ದಾಟುವ ಹೊತ್ತಿಗೆ ಅದು ಯಾರ ಮನೆ, ಯಾರ ಫೋಟೋ ಅಂತಲೇ ತಿಳಿಯುವುದಿಲ್ಲ.

ಕೆಲಸ ಯಾವುದು ಹೋಯಿತು, ಯಾವುದು ಉಳಿಯಿತು? ಬಾಡಿಗೆ ಫ್ಲಾಟ್‌ಗಳ ಫೋಟೋ ಪೂರ್ತಿ ಹೋಯಿತು. ಮೊಬೈಲು ಅರ್ಧ ಕಿತ್ತುಕೊಂಡಿತ್ತು, ಎಐ ಉಳಿದರ್ಧ. ಸಣ್ಣ ಹೋಂಸ್ಟೇಗಳು ಹೋಗುತ್ತಿವೆ. ಬೇಸಿಗೆಯಲ್ಲಿ ತೆಗೆದ ಫೋಟೋಗೆ ಮಳೆಗಾಲದ ಮಂಜು ಹಾಕಿಕೊಳ್ಳುತ್ತಾರೆ. ಅತಿಥಿಗಳು ಬಂದು ರಿವ್ಯೂ ಬರೆದಾಗ ಬುದ್ಧಿ ಬರುತ್ತದೆ, ಕೆಲವರು ಆಮೇಲೆ ಫೋನ್ ಮಾಡುತ್ತಾರೆ. ಗಟ್ಟಿಯಾಗಿ ಉಳಿದವರು ಆರ್ಕಿಟೆಕ್ಟ್‌ಗಳು ಮತ್ತು ಇಂಟೀರಿಯರ್ ಮಾಡುವವರು. ಕಾರಣ ಸರಳ. ಅವರು ಮನೆ ಮಾರುತ್ತಿಲ್ಲ, ತಾವು ಮಾಡಿದ ಕೆಲಸ ತೋರಿಸುತ್ತಿದ್ದಾರೆ. ಅವರು ಆರಿಸಿದ ಲ್ಯಾಮಿನೇಟ್ ಬಣ್ಣ ಒಂಚೂರು ಬದಲಾದರೂ ಅದು ಅವರ ಕೆಲಸವಲ್ಲ.

ಬಸವನಗುಡಿಯಲ್ಲಿ ಒಂದು ಹಳೇ ಮನೆಯನ್ನು ರಿಪೇರಿ ಮಾಡಿಸಿದ್ದ ಆರ್ಕಿಟೆಕ್ಟ್ ಒಬ್ಬರಿಗೆ ಈಚೆಗೆ ಫೋಟೋ ತೆಗೆದುಕೊಟ್ಟೆ. ಮುಂದೆ ಜಗಲಿ, ಮಂಗಳೂರು ಹೆಂಚು, ಒಳಗೆಲ್ಲ ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ತುಳಸಿಕಟ್ಟೆ. ಆ ನೆಲವನ್ನು ನೀವು ನೋಡಬೇಕಿತ್ತು. ಎಷ್ಟು ಕಾಲುಗಳು ಓಡಾಡಿ, ಎಷ್ಟು ಸಲ ಒರೆಸಿ ಬಂದ ಹೊಳಪೋ. ಬಾಗಿಲ ಹತ್ತಿರ ಒಂದು ಸೀಳು, ಅದನ್ನು ಆರ್ಕಿಟೆಕ್ಟ್ ಬೇಕಂತಲೇ ಹಾಗೇ ಬಿಟ್ಟಿದ್ದರು. ಮನೆಯ ಅಜ್ಜಿ ಅಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರಂತೆ, ಈಳಿಗೆಮಣೆಯ ಕಾಲು ಊರಿದ ಗುರುತೂ ಪಕ್ಕದಲ್ಲಿದೆ ಅಂತ ತೋರಿಸಿದರು. ಸಂಜೆ ಬೆಳಕು ಅಡ್ಡಕ್ಕೆ ಬಿದ್ದಾಗ ಮಾತ್ರ ಆ ಗುರುತು ಕಾಣುತ್ತಿತ್ತು. ಅದಕ್ಕಾಗಿ ಕಾದು ತೆಗೆದೆ.

ಕುತೂಹಲಕ್ಕೆ ಅಂತ ಅದೇ ಫೋಟೋಗಳನ್ನು ಒಂದು ಎಐಗೆ ಕೊಟ್ಟು "ಮನೆಯನ್ನು ಅಂದವಾಗಿ ಜೋಡಿಸು" ಅಂದೆ. ಕೆಂಪು ನೆಲ ಮರದ ನೆಲವಾಯಿತು. ಸೀಳು ಹೋಯಿತು. ಜಗಲಿ ಮೇಲೆ ಬೂದು ಬಣ್ಣದ ಸೋಫಾ ಬಂದು ಕೂತಿತು, ಕಾಲು ಚಾಚೋಕೂ ಜಾಗ ಇಲ್ಲದ ಹಾಗೆ. ತುಳಸಿಕಟ್ಟೆ ಏನು ಅಂತ ಅದಕ್ಕೆ ಅರ್ಥವಾಗಲಿಲ್ಲ, ಕಾರಂಜಿ ಮಾಡಿತು. ದೇವರ ಮನೆಯಲ್ಲಿ ಪುಸ್ತಕದ ಕಪಾಟು. ಯಾವ ಊರಿನ ಮನೆ ಕೊಟ್ಟರೂ ಅದು ಕೊಡುವುದು ಹೆಚ್ಚುಕಡಿಮೆ ಇದೇ ಹಾಲನ್ನು. ಬೂದು ಸೋಫಾ, ಬಿಳಿ ಕಾರ್ಪೆಟ್, ಕುಂಡದಲ್ಲಿ ಅಗಲ ಎಲೆಯ ಗಿಡ. ಕಾರ್ಪೆಟ್ ಮೇಲೆ ಧೂಳು ಕೂರುವ ಊರು ನಮ್ಮದು. ಆರ್ಕಿಟೆಕ್ಟ್‌ಗೆ ಕಳಿಸಿದೆ. ಅವರು ನಗುವ ಇಮೋಜಿ ಕಳಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ನೋಡಿ ಬಂದ ಕ್ಲೈಂಟ್ ನನ್ನ ಹತ್ರ ಇದೇ ಕೇಳ್ತಾರೆ ಕಣ್ರೀ" ಅಂತ ಇನ್ನೊಂದು ಮೆಸೇಜು. ನಾನು ನಕ್ಕು ಬಿಟ್ಟಿದ್ದ ಮಾತು ಅವರಿಗೆ ನಿಜವಾದ ಚಿಂತೆ. ಕ್ಲೈಂಟ್‌ಗಳು ಆಗಲೇ ಇಂಥ ಚಿತ್ರ ಹಿಡಿದುಕೊಂಡು ಬರುತ್ತಿದ್ದಾರಂತೆ, ಕಂಬವಿಲ್ಲದೆ ನಿಂತ ಮೆಟ್ಟಿಲು, ಆಸರೆಯಿಲ್ಲದ ಬಾಲ್ಕನಿ.

ಫೋಟೋ ನಂಬುವುದನ್ನು ಜನ ಬಿಡುತ್ತಿದ್ದಾರೆ ಅನ್ನೋದಕ್ಕೆ ನನ್ನ ಹತ್ತಿರ ಅಂಕಿಅಂಶ ಇಲ್ಲ. ನನಗೆ ಬರುವ ಫೋನುಗಳು ಮಾತ್ರ ಇವೆ. ಹೊರದೇಶದಲ್ಲಿ ಕೂತು ಬೆಂಗಳೂರಲ್ಲೋ ಮೈಸೂರಲ್ಲೋ ಫ್ಲಾಟು ಕೊಳ್ಳುವವರು ಮೊದಲು ಫೋಟೋ ನೋಡಿ ಟೋಕನ್ ಅಡ್ವಾನ್ಸ್ ಹಾಕುತ್ತಿದ್ದರು. ಚಿಕ್ಕಪ್ಪನೋ ಭಾವನೋ ಹೋಗಿ ಒಂದು ಸಲ ನೋಡಿ ಬರುತ್ತಿದ್ದರು. ಈಗ ಕೇಳುವುದೇ ಬೇರೆ. "ಎಡಿಟ್ ಮಾಡದ ವಿಡಿಯೋ ಬೇಕು, ಗೇಟಿನಿಂದ ಶುರುಮಾಡಿ ಎಲ್ಲೂ ಕಟ್ ಮಾಡಬೇಡಿ." ಇನ್ನು ಕೆಲವರು ವಿಡಿಯೋ ಕಾಲ್‌ನಲ್ಲೇ ಮನೆ ಸುತ್ತಿಸುತ್ತಾರೆ. ನಲ್ಲಿ ತಿರುಗಿಸಿ ತೋರಿಸಿ ಅನ್ನುತ್ತಾರೆ. ಕಿಟಕಿ ತೆಗೆದು ಒಂದು ನಿಮಿಷ ಸುಮ್ಮನೆ ನಿಲ್ಲಿ, ರಸ್ತೆ ಸದ್ದು ಕೇಳಬೇಕು ಅನ್ನುತ್ತಾರೆ. ರಾಜಕಾಲುವೆ ಎಷ್ಟು ದೂರ, ವಾಸನೆ ಬರುತ್ತಾ ಅಂತ ನನ್ನನ್ನೇ ಕೇಳುತ್ತಾರೆ. ಫೋಟೋಗ್ರಾಫರ್‌ಗೆ ಮೂಗಿನ ಕೆಲಸವೂ ಬಂತು. ಇದಕ್ಕೆ ನಾನು ದುಡ್ಡು ತಗೊಳ್ಳುತ್ತೇನೆ. ಶೂಟ್ ರೇಟಿನಷ್ಟು ಸಿಗುವುದಿಲ್ಲ, ಆದರೆ ಎಡಿಟಿಂಗ್ ಇಲ್ಲವಲ್ಲ. ಲೆಕ್ಕ ಹಾಕಿದರೆ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ವಿಚಿತ್ರ ಅಂದರೆ ಹೀಗೆ ಸುತ್ತಿಸುವ ವಿಡಿಯೋದಲ್ಲಿ ನಾನು ಕಲಿತ ಯಾವ ವಿದ್ಯೆಯೂ ಬೇಕಿಲ್ಲ. ಬೆಳಕು ಕೆಟ್ಟಿದ್ದಷ್ಟೂ ನೋಡುವವರಿಗೆ ನಂಬಿಕೆ ಜಾಸ್ತಿ. ಚಂದವಾಗಿ ತೆಗೆದರೆ ಅನುಮಾನ. ಇಷ್ಟು ವರ್ಷ ಗೆರೆ ನೇರ ಮಾಡಿದವನು ಈಗ ಅಲ್ಲಾಡುವ ಕೈಯಲ್ಲಿ ಮೊಬೈಲ್ ಹಿಡಿದು ಬಚ್ಚಲುಮನೆ ತೋರಿಸುತ್ತೇನೆ. ಇದೂ ಎಷ್ಟು ದಿನವೋ. ಎಐ ವಿಡಿಯೋ ಮಾಡುವುದನ್ನು ಕಲಿಯುತ್ತಿರುವ ರಭಸ ನೋಡಿದರೆ ಅಲ್ಲಾಡುವ ಕೈಯನ್ನೂ ಅದು ಕಲಿಯುತ್ತದೆ.

ಈ ವರ್ಷದಿಂದ ನನ್ನ ಕೊಟೇಶನ್‌ನಲ್ಲಿ ಎರಡು ಸಾಲು ಸೇರಿಸಿದ್ದೇನೆ. ಒಂದು, ತಿದ್ದಿದ ಫೋಟೋ ಜೊತೆಗೆ ತಿದ್ದದ ಒಂದು ಸೆಟ್ ಕೂಡ ಕೊಡುತ್ತೇನೆ, ಕೊಳ್ಳುವವರು ಕೇಳಿದರೆ ತೋರಿಸಬೇಕು. ಎರಡು, ಮನೆಯ ಯಾವುದೇ ಭಾಗವನ್ನು ಆಮೇಲೆ ಬದಲಿಸಿದರೆ ಆ ಚಿತ್ರದಿಂದ ನನ್ನ ಹೆಸರು ತೆಗೆಯಬೇಕು. ಮೊದಲನೆಯದಕ್ಕೆ ಯಾರೂ ತಕರಾರು ಮಾಡಿಲ್ಲ. ಓದಿದ್ದಾರೋ ಇಲ್ಲವೋ. ಎರಡನೆಯದನ್ನು ಒಬ್ಬ ಬಿಲ್ಡರ್ ಕಡೆಯ ಮಾರ್ಕೆಟಿಂಗ್ ಮ್ಯಾನೇಜರ್ ಗಮನವಿಟ್ಟು ಓದಿ ಫೋನ್ ಮಾಡಿದರು.

"ಸಾರ್, ಹೆಸರು ಮೊದಲೇ ಹಾಕದಿದ್ರೆ ರೇಟ್ ಎಷ್ಟು ಕಮ್ಮಿ ಮಾಡ್ತೀರಾ?"

ಕಮ್ಮಿ ಮಾಡಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.